ಎಂಟು ಹಾಸು, ಎಂಟು ಹೊಕ್ಕು

ನನಗೆ ಸಿಟ್ಟು ಬೇಗ ಬರುತ್ತದೆ. ಅದರಲ್ಲೂ ನಾನು ಬರೆದ ಪ್ರೋಗ್ರಾಮಿನ ಮುಂದೆ ನಿಂತು ಯಾರಾದರೂ "ಇದು ಎಲ್ಲಾ ನೋಡೇತೇನ್ರಿ?" ಎಂದು ಕೇಳಿದರೆ ಮೈ ಉರಿಯುತ್ತದೆ. ಕಂಪ್ಯೂಟರಿಗೆ ಬೇಸರವಿಲ್ಲ, ಮರೆವಿಲ್ಲ, ಊಟದ ಹೊತ್ತಿಲ್ಲ. ಎಲ್ಲ ನೋಡು ಎಂದರೆ ಎಲ್ಲ ನೋಡುತ್ತದೆ. ಬೆಟಗೇರಿಯ ಒಂದು ನೇಕಾರರ ಸಂಘದ ಕೆಲಸಕ್ಕೆ ಕೂರುವ ತನಕ ನಾನು ಹಾಗೆಂದೇ ನಂಬಿದ್ದೆ.

ಕೆಲಸ ಹೀಗಿತ್ತು. ಲಕ್ಷ್ಮೇಶ್ವರದ ಬಟ್ಟೆ ಅಂಗಡಿಯವರೊಬ್ಬರು ಸಂಘದ ಸೀರೆಗಳನ್ನು ಬಹಳ ವರ್ಷಗಳಿಂದ ಕೊಳ್ಳುತ್ತಿದ್ದರು. ಈ ಸಲ ಅವರು, ಅದದೇ ಬಣ್ಣ ತರುತ್ತೀರಿ, ಹೆಂಗಸರು ಮಡಿಕೆ ಬಿಚ್ಚುವ ಮೊದಲೇ ಇದು ಮನೆಯಲ್ಲಿದೆ ಎಂದು ಪಕ್ಕಕ್ಕೆ ಸರಿಸುತ್ತಾರೆ, ಹೊಸದು ತೋರಿಸದಿದ್ದರೆ ಮುಂದಿನ ಆರ್ಡರು ಮರೆತುಬಿಡಿ ಎಂದಿದ್ದರು. ಹೊಸ ಬಣ್ಣದ ನೂಲು ತರಿಸಲು ಸಂಘಕ್ಕೆ ಶಕ್ತಿ ಇರಲಿಲ್ಲ. ಇದ್ದ ನೂಲಿನಲ್ಲೇ ಹೊಸದು ಹುಟ್ಟಬೇಕಿತ್ತು. ಅದು ಆಗದ ಮಾತೇನೂ ಅಲ್ಲ. ಈ ಸೀರೆಗಳ ಒಡಲಿನಲ್ಲಿ ಉದ್ದಕ್ಕೆ ಓಡುವ ಎಳೆ, ಅಂದರೆ ಹಾಸು, ಒಂದು ಬಣ್ಣದ್ದು. ಅಡ್ಡಕ್ಕೆ ಓಡುವ ಎಳೆ, ಅಂದರೆ ಹೊಕ್ಕು, ಇನ್ನೊಂದು ಬಣ್ಣದ್ದು. ಕಣ್ಣಿಗೆ ಕಾಣುವುದು ಎರಡೂ ಕೂಡಿದ ಮೂರನೆಯ ಬಣ್ಣ. ಉಗ್ರಾಣದಲ್ಲಿ ಹಾಸಿನ ನೂಲು ಎಂಟು ಬಣ್ಣದಲ್ಲಿತ್ತು, ಹೊಕ್ಕಿನದೂ ಎಂಟು. ಪ್ರತಿಯೊಂದನ್ನೂ ಪ್ರತಿಯೊಂದರ ಜೊತೆ ಕೂಡಿಸಿದರೆ ಅರವತ್ನಾಲ್ಕು ಸೀರೆ. ಇಷ್ಟನ್ನೂ ನೇಯ್ದು ನೋಡುವುದು ಯಾರಿಂದಲೂ ಆಗದು. ಒಂದು ಹಾಸು ಮಗ್ಗಕ್ಕೆ ಏರಿತೆಂದರೆ ಅದು ಮುಗಿಯುವ ತನಕ, ಹಲವು ಸೀರೆಗಳಷ್ಟು ದೂರ, ಅದನ್ನೇ ನೇಯಬೇಕು. ನಡುವೆ ಮನಸ್ಸು ಬದಲಾಯಿಸಿದರೆ ನೂಲು ಹಾಳು. ಅದಕ್ಕೇ ಲೆಕ್ಕದಲ್ಲಿ ನೋಡಿ ಹೇಳಿರೆಂದು ಸಂಘದ ಅಧ್ಯಕ್ಷರು ನನ್ನನ್ನು ಗದಗಿನಿಂದ ಕರೆಸಿದ್ದರು.

ಸಂಘದಲ್ಲಿ ಬಣ್ಣ ಹೇಳುವವರು ಒಬ್ಬರೇ ಇದ್ದರು. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ಅರವತ್ತು ದಾಟಿದ ಹೆಂಗಸು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯ್ದೂ ನೇಯ್ದೂ ಮೊಣಕಾಲು ಹೋಗಿದ್ದವು, ಹಾಗಾಗಿ ಸಂಘದವರು ಉಗ್ರಾಣದಲ್ಲಿ ಕೂರಿಸಿದ್ದರು. ಶಿರಹಟ್ಟಿ, ಮುಂಡರಗಿ ಕಡೆಯಿಂದ ಮನೆಮಗ್ಗದವರು ನೂಲಿಗೆ ಬಂದರೆ ಯಾವ ಹಾಸಿನ ಜೊತೆ ಯಾವ ಹೊಕ್ಕು ಎಂದು ಜೋಡಿ ಮಾಡಿ ಕೊಡುವುದು ಅವರ ಕೆಲಸ. ಎದುರು ಮಾತಾಡಿದರೆ, ಬಜಾರಕ್ಕೆ ಹೋಗಿ ತಗೊಳ್ಳಿ ಎಂದು ನೂಲು ವಾಪಸ್ಸು ಇಟ್ಟುಕೊಳ್ಳುವ ಪೈಕಿ.

ಮೊದಲ ದಿನ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಎಂದಾದರೂ ನೇಯ್ದಿದ್ದೀಯೇನು ಎಂದು ಕೇಳಿದರು. ಇಲ್ಲ, ನಮ್ಮದು ಮುಳಗುಂದದ ಒಕ್ಕಲುತನದ ಮನೆ ಎಂದೆ. ಹಾಗಾದರೆ ಬಣ್ಣ ನಿನಗೇನು ತಿಳಿಯುತ್ತದೆ ಎಂದರು. ನನಗೆ ತಿಳಿಯಬೇಕಾಗಿಲ್ಲ ಅಕ್ಕಾರೇ, ಕೂಡಿಸಲು ಬಂದರೆ ಸಾಕು ಎಂದು ನಾನೂ ಬಿರುಸಾಗಿಯೇ ಹೇಳಿದೆ. ಅವರಿಗೆ ನಗು ಬಂತು. ಆ ನಗುವಿಗೆ ನನಗೆ ಇನ್ನಷ್ಟು ಸಿಟ್ಟು ಬಂತು.

ನೂಲಿನ ಲಡಿಗಳ ಫೋಟೋ ತೆಗೆಯಲು ಒಂದು ರಟ್ಟಿನ ಪೆಟ್ಟಿಗೆಗೆ ಒಳಗೆಲ್ಲ ಕಪ್ಪು ಕಾಗದ ಅಂಟಿಸಿದೆ. ಪ್ರತಿ ಲಡಿಯನ್ನೂ ಮೂರು ಬೆಳಕಿನಲ್ಲಿ ತೆಗೆಯಬೇಕು: ಕಿಟಕಿಯ ಬಿಸಿಲು, ಟ್ಯೂಬ್‌ಲೈಟು, ಮನೆಯ ಹಳದಿ ಬಲ್ಬು. ಅಂಗಡಿಯಲ್ಲಿ ಚಂದ ಕಂಡ ಸೀರೆ ಅಂಗಳಕ್ಕೆ ತಂದ ಕೂಡಲೇ ಬೇರೆಯೇ ಆಗಿ ಮುಖ ಸಪ್ಪೆ ಮಾಡಿಸುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ಪ್ರತಿ ಫೋಟೋದಲ್ಲಿ ಪಕ್ಕಕ್ಕೆ ಬಿಳಿ ಕಾರ್ಡು ಇಟ್ಟು ಅದರಿಂದ ಬೆಳಕು ಸರಿದೂಗಿಸಿ, ಒಂದೊಂದು ನೂಲಿಗೂ ಕೆಂಪು, ಹಸಿರು, ನೀಲಿಯ ಪ್ರಮಾಣ ತೆಗೆದೆ. ಕ್ಯಾಮೆರಾ ಕೊಡುವ ಅಂಕಿಗಳನ್ನು ಹಾಗೆಯೇ ಕೂಡಿಸಬಾರದು. ಕಣ್ಣಿಗೆ ಹಿತವಾಗಲೆಂದು ಅದು ಕತ್ತಲೆಯ ಭಾಗವನ್ನು ಎತ್ತಿರುತ್ತದೆ. ಅದನ್ನು ಬಿಡಿಸಿ ನಿಜವಾದ ಬೆಳಕಿನ ಅಳತೆಗೆ ಮರಳಿಸಿ, ಆಮೇಲೆ ಕೂಡಿಸಬೇಕು. ಇದಿಷ್ಟೂ ಸರಿಯಾಗಿಯೇ ಮಾಡಿದೆ.

ಹೀಗೆ ಅಂಕಿಗಳ ಎರಡು ಕಟ್ಟು ಸಿದ್ಧವಾದವು. ನಮ್ಮ ಭಾಷೆಯಲ್ಲಿ ಅವಕ್ಕೆ ಅರೇ ಎನ್ನುತ್ತೇವೆ. ಹಾಸಿನ ಅರೇಯಲ್ಲಿ ಒಂದು ನೂಲಿಗೆ ಒಂದು ಹಂತ, ಪ್ರತಿ ಹಂತದೊಳಗೆ ಮೂರು ಬೆಳಕು, ಪ್ರತಿ ಬೆಳಕಿನೊಳಗೆ ಮೂರು ಅಂಕಿ. ಹೊಕ್ಕಿನದೂ ಹಾಗೆಯೇ. ನನಗೆ ಬೇಕಾದದ್ದು ಇದರ ಪ್ರತಿ ಹಂತಕ್ಕೂ ಅದರ ಪ್ರತಿ ಹಂತವನ್ನು ಕೂಡಿಸಿದ ಇನ್ನೂ ದೊಡ್ಡ ಅರೇ.

ಮೊದಲು ಕೈಗೆ ಬಂದದ್ದು ಆರು ಹಾಸಿನ ಲಡಿ, ಐದು ಹೊಕ್ಕಿನ ಲಡಿ. ಉಳಿದ ಬಣ್ಣದವು ಉಗ್ರಾಣದಲ್ಲಿ ಮುಗಿದಿದ್ದವು, ನೂಲಿಗೆ ಬಣ್ಣ ಹಾಕುವ ಮನೆಯಿಂದ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲೇ ಒಂದು ಸಲ ಓಡಿಸಿ ನೋಡೋಣವೆಂದು ಎರಡು ಅರೇಗಳ ನಡುವೆ ಕೂಡುವ ಚಿಹ್ನೆ ಹಾಕಿ ಗುಂಡಿ ಒತ್ತಿದೆ. ಎರಡರ ಆಕಾರ ಹೊಂದುತ್ತಿಲ್ಲ ಎಂದು ಪ್ರೋಗ್ರಾಮು ನಿಂತಿತು. ಅಷ್ಟರಲ್ಲಿ ಅಧ್ಯಕ್ಷರ ಫೋನು. ಉಳಿದ ಲಡಿಗಳು ಬಂದಿವೆ, ಅಕ್ಕಾರು ಎಲ್ಲವನ್ನೂ ಕೋಲಿಗೆ ಹಾಕಿಟ್ಟಿದ್ದಾರೆ, ಬನ್ನಿ ಎಂದರು. ಮರುದಿನ ಹೋದಾಗ ಗೋಡೆಗೆ ಎದುರುಬದುರಾಗಿ ಎರಡು ಕೋಲು. ಒಂದರ ಮೇಲೆ ಎಂಟು ಹಾಸು, ಇನ್ನೊಂದರ ಮೇಲೆ ಎಂಟು ಹೊಕ್ಕು. ಫೋಟೋ ತೆಗೆದು, ಅದೇ ಸಾಲಿನಲ್ಲಿ ಅಂಕಿ ತುಂಬಿ ಓಡಿಸಿದೆ. ಈ ಸಲ ಪ್ರೋಗ್ರಾಮು ಚಕಾರ ಎತ್ತದೆ ಓಡಿತು. ನಿನ್ನೆ ಲಡಿ ಕಡಿಮೆ ಇದ್ದವಲ್ಲ, ಅದಕ್ಕೇ ತಕರಾರು ಮಾಡಿತ್ತು ಎಂದುಕೊಂಡೆ.

ಮೂರೂ ಬೆಳಕಿನಲ್ಲಿ ಮಂಕಾಗದೆ ನಿಲ್ಲುವ ಜೋಡಿಗೆ ಹೆಚ್ಚು ಅಂಕ ಕೊಡುವಂತೆ ಬರೆದಿದ್ದೆ. ಒಂದು ಹಾಳೆಯಲ್ಲಿ ಎಂಟು ಚಿತ್ರ ಹಿಡಿಯುತ್ತಿದ್ದುದರಿಂದ ಮೊದಲ ಎಂಟನ್ನು ಅಚ್ಚು ಹಾಕಿಸಿ ಮೇಜಿನ ಮೇಲಿಟ್ಟೆ. ಅಕ್ಕಾರು ಕನ್ನಡಕ ಏರಿಸಿ ನೋಡಿದರು. ಕಪ್ಪು ಹಾಸಿನೊಂದಿಗೆ ಕುಂಕುಮದ ಹೊಕ್ಕು, ಗಿಳಿಹಸಿರಿನೊಂದಿಗೆ ಅರಿಶಿನ, ನೇರಳೆಯೊಂದಿಗೆ ದಾಳಿಂಬೆ. ಒಂದೊಂದೂ ಅವರದೇ ಜೋಡಿ. ಅವರ ಮುಖ ಅರಳಿತು. ನನ್ನದೂ ಅರಳಿತು, ಸುಳ್ಳೇಕೆ ಹೇಳಲಿ. ಬಣ್ಣದ ಗಂಧಗಾಳಿ ಇಲ್ಲದ ನನ್ನ ಪ್ರೋಗ್ರಾಮು ಒಬ್ಬ ಹೆಂಗಸಿನ ಇಡೀ ಜೀವಮಾನದ ಕಣ್ಣಿಗೆ ಸರಿಸಾಟಿಯಾಗಿ ಬಂದಿತ್ತು. ಆ ಹೊತ್ತಿನಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ.

ಅಧ್ಯಕ್ಷರು ಹಾಳೆಯನ್ನು ಎರಡು ಸಲ ತಿರುವಿ ನೋಡಿ, ಇದು ಎಲ್ಲಾ ಜೋಡಿ ನೋಡಿಯೇ ಹೇಳಿದೆಯೇ ಎಂದು ಕೇಳಿದರು. ಸಿಟ್ಟು ನುಂಗಿಕೊಂಡು ಹೌದೆಂದೆ. ಆಗ ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಅಕ್ಕಾರು ಹೇಳೂದನ್ನ ಇದೂ ಹೇಳತೈತಿ ಅಂದ್ರ, ಆ ಜಾಗಾಕ್ಕ ಇನ್ನ ಮಂದಿ ಯಾಕ ಬೇಕ್ರಿ, ಮೇಡಮ್ಮಾರ?"

ಅವರು ಕೆಟ್ಟ ಮನುಷ್ಯರಲ್ಲ. ಮುಂದಿನ ತಿಂಗಳಿನಿಂದ ಆರಾಮ ಇರ್ರಿ ಅಕ್ಕಾರ, ಬಹಳ ದುಡಿದೀರಿ ಎಂದು ಪ್ರೀತಿಯಿಂದಲೇ ಹೇಳಿದರು. ಹಾಳೆ ಮಡಚಿಕೊಂಡು ಲಕ್ಷ್ಮೇಶ್ವರದ ಬಸ್ಸು ಹಿಡಿಯಲು ಹೊರಟೂ ಹೋದರು. ಎಲ್ಲ ಜೋಡಿ ನೋಡಿದ ಮೇಲೂ ಹಳೆಯವೇ ಶ್ರೇಷ್ಠವೆಂದು ಕಂಪ್ಯೂಟರೇ ಹೇಳಿದೆ ಎಂದು ಅಂಗಡಿಯವರ ಬಾಯಿ ಮುಚ್ಚಿಸುವ ಹುರುಪು ಅವರಿಗೆ. ಅಕ್ಕಾರು ಅರಳಿದ ಮುಖದಲ್ಲೇ ಕೂತಿದ್ದರು, ಅದು ಮೆಲ್ಲಗೆ ಬಾಡಿತು. ಮೊಣಕಾಲು ಮಗ್ಗಕ್ಕೆ ಬಿಡುವುದಿಲ್ಲ, ಮನೆಯಲ್ಲಿ ಸುಮ್ಮನೆ ಕೂರುವ ಜೀವವಲ್ಲ. ಆ ಉಗ್ರಾಣ ತಪ್ಪಿದರೆ ಅವರಿಗೆ ಬೆಳಗಾದರೆ ಹೋಗಲು ಜಾಗವೇ ಇರಲಿಲ್ಲ. ನಾನು ಮುಖ ತಗ್ಗಿಸಿ ವೈರು ಸುತ್ತತೊಡಗಿದೆ. ನನಗೆ ಕೂಡಿಸುವುದಷ್ಟೇ ಗೊತ್ತು, ಕಳೆಯುವುದು ನನ್ನ ಕೆಲಸವಲ್ಲ ಎಂದು ಸಮಾಧಾನ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಕ್ಕಾರು ತಮ್ಮ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು.

"ಹೆಂಗೂ ಹೊಂಟೇನಿ. ಒಂದ ತೋರ್ಸವಾ. ಕರೀ ಹಾಸಿನ್ಯಾಗ ಅರಿಶಿಣದ ಹೊಕ್ಕು ಹೊಡದ್ರ ಹೆಂಗ ಕಾಣತೈತಿ?"

ಅದೇನು ಮಹಾ, ಈಗ ತೋರಿಸುತ್ತೇನೆ ಎಂದು ಆ ಜೋಡಿಯ ಅಂಕಿ ಕೇಳಿದೆ. ಹಾಗೊಂದು ಜಾಗವೇ ಇಲ್ಲ ಎಂದಿತು. ಟೈಪಿಸುವಾಗ ತಪ್ಪಿದೆನೇನೋ ಎಂದು ಮತ್ತೆ ಕೇಳಿದೆ. ಇಲ್ಲ. ಒಟ್ಟು ಎಷ್ಟು ಜೋಡಿ ಇವೆ ತೋರಿಸು ಎಂದೆ. ಎಂಟು ಎಂದಿತು. ಅರವತ್ನಾಲ್ಕಲ್ಲ, ಎಂಟೇ ಎಂಟು.

ಆದದ್ದು ಇಷ್ಟೇ. ಎರಡು ಅರೇಗಳ ಆಕಾರ ಬೇರೆಯಿದ್ದಾಗ ಯಂತ್ರ ತಕರಾರು ಮಾಡುತ್ತದೆ. ಒಂದೇ ಆಕಾರದವು ಸಿಕ್ಕರೆ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದು ನೇರಕ್ಕೆ ನೇರ ಕೂಡಿಸಿ ಸುಮ್ಮನಾಗುತ್ತದೆ. ಎಂಟು ಹಾಸು, ಎಂಟು ಹೊಕ್ಕು ಆದ ದಿನ ಅದರ ಬಾಯಿ ಕಟ್ಟಿಹೋಗಿತ್ತು. ಹೆಸರುಗಳ ಸಾಲನ್ನೂ ನಾನು ಹಾಗೆಯೇ ಕೂಡಿಸಿದ್ದರಿಂದ ಹೆಸರೂ ಸರಿಯಾಗಿಯೇ ಬಂದಿದ್ದವು. ಎಂಟರಲ್ಲಿ ಮೊದಲ ಎಂಟು ಆರಿಸು ಎಂದರೆ ಎಂಟೇ ಬರುತ್ತವೆ ತಾನೆ! ಇನ್ನು ಹಳೆಯ ಜೋಡಿಗಳೇ ಏಕೆ ಬಂದವು? ಕೋಲಿಗೆ ಲಡಿ ಹಾಕುವಾಗ ಅಕ್ಕಾರು ಪ್ರತಿ ಹಾಸಿನ ಎದುರಿಗೆ ಅದರ ರೂಢಿಯ ಹೊಕ್ಕನ್ನೇ ತೂಗುಹಾಕಿದ್ದರು. ಅವರ ಉಗ್ರಾಣದಲ್ಲಿ ಲಡಿ ಇಡುವ ಪದ್ಧತಿಯೇ ಅದು. ನಾನು ಆ ಸಾಲನ್ನೇ ಅಂಕಿ ಮಾಡಿ ಒಳಗೆ ಹಾಕಿದ್ದೆ. ಪ್ರೋಗ್ರಾಮು ಏನನ್ನೂ ಹುಡುಕಿರಲಿಲ್ಲ. ಅಕ್ಕಾರು ಕೊಟ್ಟದ್ದನ್ನು ಅಕ್ಕಾರಿಗೇ ತಿರುಗಿ ಕೊಟ್ಟಿತ್ತು.

ಇದನ್ನು ಅವರಿಗೆ ಆಗಲೇ ಹೇಳಿದೆ. ಅವರು ಮೊದಲು ನಂಬಲಿಲ್ಲ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧ್ಯಕ್ಷರ ಫೋನು ಸಿಕ್ಕಿದ್ದು ಸಂಜೆಗೆ, ಅಷ್ಟರಲ್ಲಿ ಅವರು ಅಂಗಡಿ ಮುಟ್ಟಿ, ಅವಮಾನ ಮಾಡಿಸಿಕೊಂಡು ಹೊರಬಿದ್ದಿದ್ದರು. ಅಂಗಡಿಯವರು ಹಾಳೆ ನೋಡಿ, ಈ ಎಂಟೂ ನನ್ನ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ, ಇದಕ್ಕೆ ಕಂಪ್ಯೂಟರು ಬೇಕಿತ್ತೇ ಎಂದು ಕೇಳಿದರಂತೆ. ಅಧ್ಯಕ್ಷರು ನನಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅನ್ನಿಸಿಕೊಳ್ಳಬೇಕಾದದ್ದೇ.

ತಿದ್ದುವುದು ಒಂದು ಸಾಲಿನ ಕೆಲಸ. ಹಾಸಿನ ಅರೇಯಲ್ಲಿ ನೂಲುಗಳು ಸಾಲುಗಟ್ಟಿದ ದಿಕ್ಕಿನ, ಅಂದರೆ ಆಯಾಮದ, ನಂತರ ಒಂದು ಖಾಲಿ ಆಯಾಮ ತೂರಿಸಬೇಕು, ಹೊಕ್ಕಿನದರಲ್ಲಿ ನೂಲಿನ ಆಯಾಮಕ್ಕೆ ಮೊದಲು ಒಂದು ಖಾಲಿ ಆಯಾಮ. ಆಗ ಯಂತ್ರ ಹಾಸನ್ನು ಅಡ್ಡಕ್ಕೂ ಹೊಕ್ಕನ್ನು ಉದ್ದಕ್ಕೂ ಹಿಗ್ಗಿಸಿ, ಪ್ರತಿ ಮನೆಯಲ್ಲೂ ಬೇರೆ ಜೋಡಿ ಕೂಡಿಸುತ್ತದೆ. ಈ ಸಲ ಎಂಟು ಇಂಟು ಎಂಟರ ಚೌಕ ಬಂತು. ಪ್ರತಿ ಮನೆಯೊಳಗೆ ಮೂರು ಬೆಳಕು, ಪ್ರತಿ ಬೆಳಕಿಗೆ ಮೂರು ಅಂಕಿ. ಒಂದು ಹಾಸು, ಒಂದು ಹೊಕ್ಕು ತೆಗೆದುಹಾಕಿ ಮತ್ತೆ ಓಡಿಸಿ, ಎಣಿಕೆ ಸರಿಯಾಗಿ ಇಳಿಯುತ್ತದೋ ಇಲ್ಲವೋ ನೋಡಿದೆ. ಇಳಿಯಿತು. ಹೊಸ ಪಟ್ಟಿಯ ಮೇಲಿನ ಸಾಲಿನಲ್ಲಿ ಹಳೆಯ ಜೋಡಿಗಳು ಎರಡೇ ಉಳಿದಿದ್ದವು.

ಈಗಲಾದರೂ ಅಕ್ಕಾರ ಜಾಗ ಉಳಿಯಿತು ಎಂದುಕೊಂಡಿದ್ದೆ. ಅಧ್ಯಕ್ಷರು ಬೇರೆಯೇ ಲೆಕ್ಕ ಹಾಕಿದರು. ಮೊದಲು ಎಂಟೇ ನೋಡಿತ್ತು, ಈಗ ಖರೆ ಎಲ್ಲಾ ನೋಡಿದೆ, ಹಾಗಿದ್ದರೆ ಅಕ್ಕಾರಿಗಿಂತ ಹೆಚ್ಚೇ ಆಯಿತಲ್ಲ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅಕ್ಕಾರು ಮಾತ್ರ ಪರದೆಯ ಮೇಲಿನ ಚೌಕಗಳನ್ನು ನೋಡಿ, ಇದು ಚಿತ್ರ, ಸೀರೆ ಅಲ್ಲ ಎಂದರು. ನಾನು ನನ್ನ ಲೆಕ್ಕದ ಪರ ವಾದಿಸಿದೆ. ಅವರು, ಇಟ್ಟಂಗಿ ಬಣ್ಣದ ಹೊಕ್ಕು ಮಿನುಗುವ ನೂಲು, ಅದು ಹೊಡೆದ ಕೂಡಲೇ ಅಗಲವಾಗಿ ಕೂರುತ್ತದೆ, ನಿನ್ನ ಚಿತ್ರದಲ್ಲಿ ಅದು ಎಲ್ಲಿದೆ ಎಂದರು. ಹಾಗೆಂದು ಅವರು ಹೇಳಿದ್ದೆಲ್ಲ ಸರಿಯೂ ಅಲ್ಲ. ನವಿಲುನೀಲಿಯ ಜೊತೆ ಉಳ್ಳಾಗಡ್ಡಿ ಬಣ್ಣ, ಅಂದರೆ ಈರುಳ್ಳಿ ಸಿಪ್ಪೆಯ ಬಣ್ಣ, ಕೂಡುವುದೇ ಇಲ್ಲ ಎಂದು ಹಟ ಹಿಡಿದರು, ನೋಡಿದ್ದೀರಾ ಎಂದರೆ ನೋಡಿಲ್ಲ ಎಂದರು. ಅಧ್ಯಕ್ಷರಿಗೆ ತಲೆ ಕೆಟ್ಟುಹೋಯಿತು. ಯಾರ ಮಾತು ನಂಬಿ ಯಾವ ಹಾಸು ಏರಿಸುವುದು? ಏರಿಸಿದ್ದು ತಪ್ಪಾದರೆ ಆರ್ಡರೂ ಹೋಯಿತು, ನೂಲೂ ಹೋಯಿತು.

ನಾನು ಪರದೆಯ ಮೇಲಿನ ಆ ಚೌಕವನ್ನೇ ನೋಡುತ್ತ ಕೂತಿದ್ದೆ. ಎಂಟು ಪಟ್ಟೆ ಉದ್ದಕ್ಕೆ, ಎಂಟು ಪಟ್ಟೆ ಅಡ್ಡಕ್ಕೆ. ಪಕ್ಕದ ಕೋಣೆಯಲ್ಲಿ ಮಗ್ಗ ಲಟಪಟ ಎನ್ನುತ್ತಿತ್ತು. ಛೇ, ಎಂಥ ಪೆದ್ದಿ ನಾನು ಎಂದುಕೊಂಡೆ. ಪ್ರತಿ ಹಾಸನ್ನು ಪ್ರತಿ ಹೊಕ್ಕಿನ ಜೊತೆ ಕೂಡಿಸುವ ಯಂತ್ರ ಅಲ್ಲೇ ಇತ್ತು. ಹಾಸಿನಲ್ಲಿ ಎಂಟೂ ಬಣ್ಣವನ್ನು ಪಕ್ಕಪಕ್ಕಕ್ಕೆ ಪಟ್ಟೆ ಮಾಡಿ ಹಾಕಿ, ಹೊಕ್ಕಿನ ಎಂಟನ್ನು ಒಂದಾದ ಮೇಲೊಂದು ಹೊಡೆದರೆ, ಒಂದೇ ತುಂಡು ಬಟ್ಟೆಯಲ್ಲಿ ಅರವತ್ನಾಲ್ಕೂ ಬಂದುಬಿಡುತ್ತವೆ.

ಹೇಳಿದ್ದೇ ತಡ, ಅಕ್ಕಾರು ಉರಿದುಬಿದ್ದರು. ಒಂದೇ ಹಾಸಿನಲ್ಲಿ ಎಂಟು ಬಣ್ಣ ಸಂಘದ ಮಗ್ಗದ ಮೇಲೆ ಯಾರೂ ಹಾಕಿದ್ದಿಲ್ಲ. ಉಳಿದ ತುಂಡು ನೂಲಿನಿಂದ ಮನೆಬಳಕೆಗೆ ನೇಯುವವರು ಹಾಗೆ ಮಾಡುತ್ತಾರಂತೆ, ಅದೂ ಹಿತ್ತಲ ಮಗ್ಗದಲ್ಲಿ.

"ಮಗ್ಗದ ಮ್ಯಾಲ ಕೌದಿ ಹೊಲಸಾಕ ಹೊಂಟೀಯೇನ ನನ್ನ ಕಡಿಂದ?"

ತುಂಡು ಬಟ್ಟೆಯ ಕೌದಿಯಾದರೂ ಆಗಲಿ, ನಿಮಗೂ ನನಗೂ ಜಗಳ ತೀರುತ್ತದಲ್ಲ ಎಂದೆ. ಅವರು ಎದ್ದು ಹೋದರು. ಮರುದಿನ ಹೋದಾಗ ಹಾಸು ಸುತ್ತುವ ಕೆಲಸ ಶುರುವಾಗಿತ್ತು. ನೇಯಲು ಯಾರನ್ನು ಕೂರಿಸುತ್ತೀರಿ ಎಂದು ಕೇಳಿದರೆ, ನಾನೇ ಎಂದರು. ಅಧ್ಯಕ್ಷರು ಬೇಡವೆಂದರು, ನಾನೂ ಬೇಡವೆಂದೆ. ಇಬ್ಬರು ಹೆಂಗಸರು ಹಿಡಿದು ಕುಣಿಗೆ ಇಳಿಸಬೇಕಾಯಿತು. ಇಳಿಯುವಾಗ ಅವರು ತುಟಿ ಕಚ್ಚಿದ್ದು ನೋಡಿ ನನ್ನ ಕಣ್ಣಲ್ಲಿ ನೀರು ಬಂತು.

ಮೊದಲ ದಿನವೇ ತೊಂದರೆ. ಎಂಟರಲ್ಲಿ ಮೂರು ಹಾಸು ಹತ್ತಿ, ಉಳಿದವು ನಯವಾದ ಕೃತಕ ರೇಷ್ಮೆ. ಒಂದೇ ದಿಂಡಿಗೆ ಸುತ್ತಿದಾಗ ಎಳೆತ ಹೊಂದದೆ ರೇಷ್ಮೆಯ ಪಟ್ಟೆಗಳು ಸಡಿಲ ಬಿದ್ದು ಜೋಲತೊಡಗಿದವು. ಹತ್ತಿಯ ಎಳೆಗಳು ಬಿಗಿದು ಪಟಪಟ ಹರಿದವು. ಅಕ್ಕಾರು ಬೈಯುತ್ತಲೇ ಹರಿದ ಎಳೆಗಳನ್ನು ಗಂಟು ಹಾಕಿದರು. ಆಮೇಲೆ ಸಡಿಲ ಪಟ್ಟೆಗಳನ್ನು ಬೇರೆ ಮಾಡಿ, ಹಿಂದೆ ಮರಳು ತುಂಬಿದ ಚೀಲಗಳನ್ನು ಕಟ್ಟಿ ಜಗ್ಗಿಸಿದರು. ನನಗೆ ಕಂಡಿಕೆ ಸುತ್ತುವ ಕೆಲಸ ಬಿತ್ತು. ಲಾಳಿಯೊಳಗೆ ಕೂರುವ ಆ ಪುಟ್ಟ ನಳಿಗೆಗೆ ಹೊಕ್ಕಿನ ನೂಲು ಸುತ್ತುವುದು ನೋಡಲು ಸುಲಭ. ನಾನು ಸುತ್ತಿದ್ದು ಲಾಳಿ ಓಡುವಾಗ ಉದುರಿ ಗೋಜಲಾಗುತ್ತಿತ್ತು. ಇಂಥ ಕೈಯಿಂದ ಅದ್ಹೇಗೆ ಕಂಪ್ಯೂಟರು ಬರೆಯುತ್ತೀ ಎಂದು ಅವರು ಮಗ್ಗದಿಂದಲೇ ಕೇಳುತ್ತಿದ್ದರು.

ಒಂದೊಂದು ಹೊಕ್ಕು ಗೇಣುದ್ದ ಬರುವ ತನಕ ನಾನು 'ಮುಗೀತೇನು' ಎಂದು ಕೇಳುವುದು, ಮುಂದಿನ ಬಣ್ಣದ ಲಾಳಿ ಕೊಡುವುದು. ಅರಿಶಿನದ ಸರದಿ ಬಂತು. ಅರಿಶಿನದ ಹೊಕ್ಕು ಹಸಿರು ಪಟ್ಟೆ ದಾಟಿ, ನೇರಳೆ ದಾಟಿ, ಕಪ್ಪು ಪಟ್ಟೆಯ ಮೇಲೆ ಹಾಯುತ್ತಿತ್ತು. ಅವರು ಹೊಕ್ಕನ್ನು ಒತ್ತುವ ಹಣಿಗೆ ಬಡಿಯುವುದನ್ನು ನಿಲ್ಲಿಸಿ, ಬಗ್ಗಿ, ಆ ಒಂದು ಚೌಕವನ್ನೇ ನೋಡಿದರು. ಮೊಣಕಾಲು ನೋಯುತ್ತಿದೆಯೇ ಎಂದು ಕೇಳಿದೆ. ಇಲ್ಲ ಎಂದು ಮತ್ತೆ ಲಾಳಿ ಹೊಡೆದರು.

ಬಟ್ಟೆ ಮುಗಿದ ಮೇಲೆ ಪ್ರತಿ ಚೌಕವನ್ನೂ ಅದೇ ಕಪ್ಪು ಪೆಟ್ಟಿಗೆಯಲ್ಲಿ, ಅದೇ ಮೂರು ಬೆಳಕಿನಲ್ಲಿ ಅಳೆದು ನನ್ನ ಲೆಕ್ಕದ ಪಕ್ಕಕ್ಕಿಟ್ಟೆ. ಇಟ್ಟಂಗಿಯ ವಿಷಯದಲ್ಲಿ ಅಕ್ಕಾರು ಹೇಳಿದ್ದು ಸರಿಯಿತ್ತು. ನಾನು ಹಾಸು ಅರ್ಧ, ಹೊಕ್ಕು ಅರ್ಧ ಎಂದು ಕೂಡಿಸಿದ್ದೆ. ಮಿನುಗುವ ಹೊಕ್ಕು ಅರ್ಧಕ್ಕಿಂತ ಹೆಚ್ಚು ಮೇಲೆ ಕಾಣುತ್ತಿತ್ತು. ಉಳ್ಳಾಗಡ್ಡಿಯ ವಿಷಯದಲ್ಲಿ ನನ್ನ ಲೆಕ್ಕ ಸರಿಯಿತ್ತು. ಬಟ್ಟೆಯ ಮೇಲೆ ಅದು ಮುಸ್ಸಂಜೆಯ ಮೋಡದ ಹಾಗೆ ಕೂತಿತ್ತು, ಅಕ್ಕಾರೂ ಒಪ್ಪಿಕೊಂಡರು. ಪ್ರತಿ ಹೊಕ್ಕಿಗೂ ಅದರದೇ ಪಾಲು ಕೊಡಲು ಎಂಟು ಅಂಕಿಗಳ ಇನ್ನೊಂದು ಚಿಕ್ಕ ಅರೇ ಮಾಡಿದೆ. ಅವಸರದಲ್ಲಿ ಅದನ್ನು ಹಾಗೆಯೇ ಗುಣಿಸಲು ಹೋದರೆ, ಎಂಟು ಮತ್ತು ಮೂರು ಹೊಂದುತ್ತಿಲ್ಲ ಎಂದು ಪ್ರೋಗ್ರಾಮು ನಿಂತಿತು. ಈ ಸಲ ಅದರ ತಕರಾರನ್ನು ಕೈಮುಗಿದು ಓದಿದೆ. ಪಾಲಿನ ಅರೇಗೆ ಕೊನೆಯಲ್ಲಿ ಎರಡು ಖಾಲಿ ಆಯಾಮ ಸೇರಿಸಿ, ಹೊಕ್ಕಿನ ಆಯಾಮದ ಎದುರಿಗೇ ತಂದು ನಿಲ್ಲಿಸಿದ ಮೇಲೆ ಲೆಕ್ಕವೂ ಬಟ್ಟೆಯೂ ಬಹುಪಾಲು ಒಂದಾದವು.

ಆರಿಸುವ ದಿನ ಬಟ್ಟೆಯನ್ನು ಸಂಘದ ಅಂಗಳದಲ್ಲಿ ಹಗ್ಗಕ್ಕೆ ಹಾಕಿದ್ದೆವು. ಬಿಸಿಲು ಚೆನ್ನಾಗಿತ್ತು. ಆಡಳಿತ ಮಂಡಳಿಯವರು ಬಂದು ನಿಂತರು. ಒಬ್ಬರು ಇದು ಎಂದರು, ಇನ್ನೊಬ್ಬರು ಛೀ ಎಂದು ಬೇರೆಯದಕ್ಕೆ ಬೆರಳು ಇಟ್ಟರು. ಮಂಡಳಿಯವರ ನಡುವೆ ವಾಗ್ವಾದವೇ ಶುರುವಾಯಿತು. ಅಧ್ಯಕ್ಷರು ನನ್ನ ಕಡೆ ತಿರುಗಿ, ನಿಮ್ಮ ಕಂಪ್ಯೂಟರು ಏನನ್ನುತ್ತದೆ ಎಂದು ಕೇಳಿದರು. ಯಾವುದು ಮಂಕಾಗುವುದಿಲ್ಲ ಎಂದು ಹೇಳುತ್ತದೆ, ಅಂಥವು ಇಪ್ಪತ್ತಕ್ಕೂ ಮೇಲಿವೆ, ಅದರಾಚೆಗೆ ಅದಕ್ಕೆ ಗೊತ್ತಿಲ್ಲ ಎಂದೆ. ನನಗೂ ಗೊತ್ತಿರಲಿಲ್ಲ. ಕಡೆಗೆ ಅವರು ಗೋಡೆಗೆ ಒರಗಿ ನಿಂತಿದ್ದ ಅಕ್ಕಾರನ್ನು ಕೇಳಿದರು.

"ಅಕ್ಕಾರ, ನಿಮಗ ಯಾವುದು ಬೇಕ್ರಿ?"

ಅಕ್ಕಾರು ನಿಧಾನಕ್ಕೆ ಹಗ್ಗದ ಹತ್ತಿರ ಬಂದರು.

"ಯಾವುದಕ್ಕ ಯಾವುದು ಕೂಡತೈತಿ ಅಂತ ಕೇಳ್ತಿದ್ರಿ. ನಮ್ಮತ್ತಿ ಹೇಳಿದ್ದನ್ನ ಹೇಳ್ತಿದ್ದೆ. ನನಗ ಯಾವುದು ಬೇಕಂತ ಇವತ್ತ ಕೇಳಿದ್ರಿ ನೋಡ್ರಿ."

ಆಮೇಲೆ ಅವರು ಹೇಳಿದ್ದು ಇದು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಮಗ್ಗದ ಮೇಲೆ ಕಪ್ಪು ಹಾಸು ಇತ್ತು. ಅತ್ತೆ ಹೊರಗೆ ಹೋದ ಹೊತ್ತು ನೋಡಿ ಈಕೆ ಅರಿಶಿನದ ಲಾಳಿ ಹಾಕಿ ಬೆರಳಗಲ ನೇಯ್ದಿದ್ದರು, ಏನು ಕಾಣುತ್ತದೋ ಎಂಬ ಆಸೆಗೆ. ಮಗ್ಗದ ಕೋಣೆಯಲ್ಲಿ ಕತ್ತಲೆ, ಕುಣಿಯಿಂದ ಎದ್ದು ಕಿಟಕಿ ತೆರೆಯಬೇಕೆನ್ನುವಷ್ಟರಲ್ಲಿ ಅತ್ತೆ ಬಂದಳು. ಒಂದೊಂದೇ ಎಳೆ ಬಿಚ್ಚಿಸಿದಳು. ಬಿಚ್ಚುವಾಗ ಕಪ್ಪು ಎಳೆಗಳು ನಾರುನಾರಾಗಿ ಸೀರೆ ಕೆಟ್ಟಿತೆಂದು ಓಣಿಗೆಲ್ಲ ಕೇಳುವ ಹಾಗೆ ಬೈದಳು. ಅವತ್ತಿನಿಂದ ಈಕೆ ಅತ್ತೆ ಹೇಳಿಕೊಟ್ಟ ಜೋಡಿ ಬಿಟ್ಟು ಬೇರೆ ಹೊಡೆಯಲಿಲ್ಲ, ತನ್ನ ಕೈಕೆಳಗೆ ಬಂದ ಯಾರಿಗೂ ಹೊಡೆಯಗೊಡಲಿಲ್ಲ.

ಅಕ್ಕಾರು ಕಪ್ಪು ಪಟ್ಟೆಯೂ ಅರಿಶಿನದ ಪಟ್ಟೆಯೂ ಕೂಡಿದ ಚೌಕದ ಮೇಲೆ ಬೆರಳು ಇಟ್ಟರು. ಬಿಸಿಲಿಗೆ ಅದು ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಳೆಯ ಹಿತ್ತಾಳೆಯ ಕೊಡದಂತೆ ಹೊಳೆಯುತ್ತಿತ್ತು. ಬಟ್ಟೆ ಸ್ವಲ್ಪ ಅಲುಗಿದರೆ ಕಪ್ಪು ಇಣುಕಿ ಮರೆಯಾಗುತ್ತಿತ್ತು.

"ಇದನ್ನ ಏರಿಸ್ರಿ ಮಗ್ಗಕ್ಕ. ಮಾರಲಿಲ್ಲಂದ್ರ ನಾನ ಮನಿಗೆ ಹೋಗ್ತೇನಿ, ನೀವು ಕಳಸೂದ ಬ್ಯಾಡ."

ಏರಿಸಿದರು. ಅದು ಅರ್ಧ ದಾಟುವ ತನಕ ನನಗೆ ನಿದ್ದೆ ಸರಿ ಬರಲಿಲ್ಲ. ನನ್ನ ಪಟ್ಟಿಯಲ್ಲಿ ಆ ಜೋಡಿ ಮೇಲಿನ ಸಾಲಿನಲ್ಲೇನೂ ಇರಲಿಲ್ಲ. ಬಲ್ಬಿನ ಬೆಳಕಿನಲ್ಲಿ ಸ್ವಲ್ಪ ಮಂಕಾಗುತ್ತದೆ ಎಂದು ಲೆಕ್ಕ ಹೇಳುತ್ತಿತ್ತು. ಅದನ್ನು ಅಕ್ಕಾರಿಗೆ ಹೇಳಿದ್ದೆ. ಹಗಲು ಉಡಲಿ ಬಿಡು ಎಂದಿದ್ದರು. ಮೊದಲ ಸೀರೆಗಳನ್ನು ಅಧ್ಯಕ್ಷರೇ ಲಕ್ಷ್ಮೇಶ್ವರಕ್ಕೆ ಒಯ್ದರು. ಅಂಗಡಿಯವರು ಒಂದನ್ನು ಬಿಚ್ಚಿ, ಎದ್ದು, ರಸ್ತೆಯ ಬಿಸಿಲಿಗೆ ತಂದು ಹಿಡಿದರಂತೆ. ಅಲ್ಲೇ ಇದ್ದ ಇಬ್ಬರು ಹೆಂಗಸರು ಬೆಲೆ ಕೇಳಿದರಂತೆ. ಆರ್ಡರು ಉಳಿಯಿತು.

ಅದನ್ನು ಹೇಳಲು ಅಧ್ಯಕ್ಷರು ಉಗ್ರಾಣಕ್ಕೆ ಬಂದಾಗ ನಾನೂ ಅಲ್ಲಿದ್ದೆ. ಪ್ರೋಗ್ರಾಮನ್ನು ಸಂಘದ ಕಂಪ್ಯೂಟರಿಗೆ ಹಾಕಿಕೊಡುವ ಕೊನೆಯ ಕೆಲಸವಿತ್ತು. ನಿಮ್ಮ ಜಾಗ ನಿಮ್ಮದೇ ಅಕ್ಕಾರ, ನೀವಿರುವ ತನಕ ಯಾರೂ ಕೇಳುವುದಿಲ್ಲ ಎಂದು ಅವರು ಹೇಳಿದರು. ಅಕ್ಕಾರು ಸುಮ್ಮನೆ ತಲೆಯಾಡಿಸಿದರು. ಅವರ ತೊಡೆಯ ಮೇಲೆ ಒಂದು ಹಿತ್ತಾಳೆ ಬಣ್ಣದ ಸೀರೆ ಮಡಿಕೆ ಬಿಚ್ಚಿ ಹರಡಿತ್ತು. ಅಧ್ಯಕ್ಷರು ಹೋದ ಮೇಲೆ ಅದನ್ನು ಅಂಗೈಯಿಂದ ಸವರುತ್ತ, ಚಂದ ಇದೆ ಅಲ್ಲವೇನು ಎಂದು ನನ್ನನ್ನು ಕೇಳಿದರು. ಬಹಳ ಚಂದ ಇದೆ ಎಂದೆ.

"ಇದನ್ನ ನಾ ಇಪ್ಪತ್ತರಾಗ ಉಡಬೇಕಿತ್ತವಾ."

ಅವರು ಉತ್ತರಕ್ಕೆ ಕಾಯಲಿಲ್ಲ. ಬಾಗಿಲಲ್ಲಿ ಮುಂಡರಗಿಯಿಂದ ನೂಲಿಗೆ ಬಂದ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಎಂದಿನಂತೆ ಸೆರಗು ಚಾಚಿ, ಕೊಟ್ಟದ್ದನ್ನು ತೆಗೆದುಕೊಂಡು ಹೋಗಲು ತಯಾರಾಗಿ. ಅಕ್ಕಾರು ಸೀರೆ ಮಡಿಸಿಟ್ಟು, ಗೋಡೆ ಹಿಡಿದು ಎದ್ದು, ಎರಡೂ ಕೋಲುಗಳ ಮೇಲಿದ್ದ ಲಡಿಗಳನ್ನೆಲ್ಲ ಬಾಚಿ ತಂದು ಅವಳ ಮುಂದೆ ಚಾಪೆಯ ಮೇಲೆ ಸುರಿದರು.

"ನಿನಗ ಯಾವುದು ಬೇಕ, ಹೇಳವಾ," ಎಂದು ಕೇಳಿದರು.

ಆಕೆ ಅಷ್ಟೂ ನೂಲನ್ನು ನೋಡಿದಳು, ಅಕ್ಕಾರ ಮುಖ ನೋಡಿದಳು. ಆಮೇಲೆ ಚಾಪೆಯ ಅಂಚಿಗೆ ಮೆಲ್ಲಗೆ ಕೂತಳು.